ಸಪ್ಪಳವಿಲ್ಲದ ಪೆಟ್ಟಿಗೆ

ಅವರ ಬಲಗಿವಿಯ ಹಿಂದೆ, ಎಲುಬು ಉಬ್ಬಿದ ಜಾಗದಲ್ಲಿ, ಹುಣಸೆಬೀಜದಷ್ಟು ಅಗಲದ ಜಡ್ಡುಗಟ್ಟಿದ ಕಪ್ಪು ಕಲೆಯಿತ್ತು. ಅದು ಹುಟ್ಟಿನಿಂದ ಬಂದ ಮಚ್ಚೆಯಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಮೋಟಾರಿನ ಮೈಗೆ ಹಚ್ಚಿ, ಅದರ ಮರದ ಹಿಡಿಯನ್ನು ಆ ಎಲುಬಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುವುದು ಅವರ ಪದ್ಧತಿ. ಹಾಗೆ ನಿಂತು ನಿಂತು ಅಲ್ಲಿನ ಚರ್ಮ ಗಟ್ಟಿಯಾಗಿತ್ತು. ಹತ್ತೆಣಿಸುವಷ್ಟು ಹೊತ್ತಿನಲ್ಲಿ ಕಣ್ಣು ತೆರೆದು "ಹಿಂದಿನ ಬೇರಿಂಗ್ ಹೋಗೈತ್ರಿ" ಎಂದೋ, "ಏನಾಗಿಲ್ಲ, ಗ್ರೀಸ್ ಬೇಡಾಕ ಹತ್ತೈತಿ ಅಷ್ಟ" ಎಂದೋ ಹೇಳುತ್ತಿದ್ದರು. ಗಂಗಾವತಿಯಿಂದ ಕಾರಟಗಿಯವರೆಗೆ ಅಕ್ಕಿ ಗಿರಣಿಯವರು ಅವರನ್ನು ಕರೆಸುತ್ತಿದ್ದದ್ದು ಆ ಒಂದು ಮಾತಿಗಾಗಿ.

ಸುಟ್ಟ ಮೋಟಾರಿನ ತಂತಿ ಬಿಚ್ಚಿ ಹೊಸದಾಗಿ ಸುತ್ತುವ ಕೆಲಸಕ್ಕೆ ನಮ್ಮ ಕಡೆ ವೈಂಡಿಂಗ್ ಎಂದೇ ಹೆಸರು. ಹಾಗಾಗಿ ಅವರು ಎಲ್ಲರಿಗೂ ವೈಂಡಿಂಗ್ ಕಾಕಾ. ಹುಟ್ಟಿದ್ದು ನವಲಿಯಲ್ಲಿ. ಹೊಲವನ್ನು ತಮ್ಮನಿಗೆ ಬಿಟ್ಟು ಗಂಗಾವತಿಗೆ ಬಂದು, ಗಿರಣಿಗಳ ರಸ್ತೆಯಲ್ಲಿ ಒಂದು ತಗಡಿನ ಅಂಗಡಿ ಹಾಕಿದ್ದರು.

ನಾನು ಆ ಊರಿಗೆ ಬಂದದ್ದು ೧೯೯೭ರಲ್ಲಿ. ಕಾಲುವೆಯ ಗೋಡೆಗೆ ಬರೆದ ಅಳತೆಯ ಗುರುತು ನೋಡಿ, ನೀರು ಎಷ್ಟಿದೆ ಎಂದು ದಿನಕ್ಕೆರಡು ಸಲ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಕಂಡದ್ದನ್ನು ಮಾತ್ರ ಬರೆಯಬೇಕು, ಅಂದಾಜು ಬರೆಯಬಾರದು ಎಂದು ಕಲಿಸಿದವರು ಹಿರಿಯ ನೌಕರರೊಬ್ಬರು. ಆ ರೂಢಿಯಲ್ಲಿಯೇ ಇದನ್ನೂ ಬರೆಯುತ್ತಿದ್ದೇನೆ. ತಿಳಿಯದ ಕಡೆ ತಿಳಿಯದೆಂದು ಹೇಳುತ್ತೇನೆ.

ಬಾಡಿಗೆ ಮನೆಯ ಫ್ಯಾನು ಸುಟ್ಟಿತ್ತು, ಒಯ್ದು ಕೊಟ್ಟೆ. ಸಂಜೆ ಹೋದರೆ ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ. ಸುತ್ತಿದ ತಂತಿಯನ್ನು ವಾರ್ನಿಶಿನಲ್ಲಿ ಅದ್ದಿ, ತಗಡಿನ ಡಬ್ಬಿಯೊಳಗೆ ದೊಡ್ಡ ಬಲ್ಬು ಹಚ್ಚಿ ಒಣಗಲು ಇಟ್ಟಿದ್ದರು.

"ಸೆಕೆ ತಡಿಯಾಕ ಆಗವಲ್ದು ಕಾಕಾ. ಹಂಗ ಕೊಡ್ರಿ, ಮನ್ಯಾಗ ಒಣಗತೈತಿ" ಎಂದೆ.

"ಒಣಗದ ಕೊಡಂಗಿಲ್ರಿ ಸಾಹೇಬ್ರ. ವಾರ್ನಿಶ್ ಕುಡದು ಒಂದಕ್ಕೊಂದು ಹಿಡಕೊಂಡ್ರ ಸುತ್ತು ಸುಮ್ಮನಿರತೈತಿ. ಸಡ್ಲ ಇದ್ರ ಅಳತೈತಿ. ನೀವು ಸೆಕ್ಯಾಗ ಎರಡು ದಿನ ಮಲಗ್ರಿ, ಫ್ಯಾನು ಇಪ್ಪತ್ತು ವರ್ಷ ಸುಮ್ಮನ ತಿರಗತೈತಿ."

ಮೂರನೆಯ ದಿನ ಕೊಟ್ಟರು. ಆ ಫ್ಯಾನು ಈಗಲೂ ತಿರುಗುತ್ತದೆ. ಮನೆ ಬದಲಾದಾಗ ಮಾಲೀಕರನ್ನು ಕೇಳಿ ಅದನ್ನು ಜೊತೆಗೆ ತಂದುಕೊಂಡೆ.

ಅವರು ಕಂಪ್ಯೂಟರಿಗೆ ಬಂದದ್ದು ಸ್ಟೆಬಿಲೈಜರಿನ ದಾರಿಯಿಂದ. ಗಿರಣಿಯ ಆಫೀಸುಗಳಿಗೆ ಕಂಪ್ಯೂಟರು ಬಂದವು, ಅವುಗಳ ಜೊತೆ ಸ್ಟೆಬಿಲೈಜರು, ಯುಪಿಎಸ್ ಬಂದವು. ಅವುಗಳೊಳಗೂ ತಂತಿಯ ಸುತ್ತು ಇತ್ತು, ಅದು ಸುಟ್ಟಾಗ ಇವರ ಬಳಿಗೇ ಬಂತು. ಅಲ್ಲಿಂದ ಒಂದೊಂದೇ ಹೆಜ್ಜೆ ಒಳಗೆ ಹೋದರು. ಇಂಗ್ಲಿಷು ಬಾರದು. ಬಿಡಿಭಾಗಗಳ ಹೆಸರುಗಳನ್ನು ಮಾತ್ರ ನಮ್ಮ ಬಾಯಿಗೆ ಒಗ್ಗುವಂತೆ ಮಾಡಿಕೊಂಡಿದ್ದರು. "ಇದಕ್ಕೂ ಉಸಿರಾಡಾಕ ಗಾಳಿ ಬೇಕು, ಕುಡಿಯಾಕ ಕರೆಂಟ್ ಬೇಕು. ಉಳಿದದ್ದು ಕಲತವರ ಮಾತು" ಎನ್ನುತ್ತಿದ್ದರು. ಗಿರಣಿಯ ಹೊಟ್ಟಿನ ಬೂದಿ ತುಂಬಿ ಉಸಿರುಕಟ್ಟಿದ ಎಷ್ಟೋ ಕಂಪ್ಯೂಟರುಗಳನ್ನು ಬರಿಯ ಬ್ರಷ್ಷಿನಿಂದ ಬದುಕಿಸಿದ್ದರು.

ಇಷ್ಟು ಪರಿಚಯ ಹದಿನಾಲ್ಕು ವರ್ಷ ಹಾಗೆಯೇ ಇತ್ತು. ಆಮೇಲೆ ನಮ್ಮ ಅಪಘಾತವಾಯಿತು.

ಕುಷ್ಟಗಿಯಲ್ಲಿ ಮದುವೆ ಮುಗಿಸಿಕೊಂಡು ಒಂದು ಟೆಂಪೊದಲ್ಲಿ ಹಿಂದಿರುಗುತ್ತಿದ್ದೆವು. ತಾವರಗೇರಾ ದಾಟಿದ ಮೇಲೆ ಟೈರು ಸಿಡಿದು ಗಾಡಿ ಮಗುಚಿತು. ಯಾರೂ ಸಾಯಲಿಲ್ಲ. ನನಗೆ ಗದ್ದ ಒಡೆಯಿತು. ನನ್ನ ಹೆಂಡತಿ ಮುಂದಿನ ಸೀಟಿನಲ್ಲಿದ್ದಳು. ಆಕೆಯ ಎಡಗೈ ಬಾಗಿಲಿನ ಕೆಳಗೆ ಸಿಕ್ಕಿಕೊಂಡಿತ್ತು, ತಲೆ ಸ್ಟೀರಿಂಗಿನ ಪಕ್ಕದಲ್ಲಿತ್ತು. ಹಾರ್ನು ಒತ್ತಿದಲ್ಲೇ ಕಚ್ಚಿಕೊಂಡು ಕೂಗುತ್ತಲೇ ಇತ್ತು. ಜನ ಬಂದು ಗಾಡಿ ಎತ್ತಿ ವೈರು ಕೀಳುವವರೆಗೆ ಕೂಗಿತು. ಎಷ್ಟು ಹೊತ್ತು ಎಂದು ಕೇಳಿದವರಿಗೆ ನಾನು ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ನಿಜವೆಂದರೆ ನನಗೆ ಗೊತ್ತಿಲ್ಲ.

ಗಾಯ ಮಾಯ್ದವು. ಎಡಗೈಯ ಬೆರಳುಗಳು ಮಾತ್ರ ಅರ್ಧ ಮಡಚಿಕೊಂಡೇ ಉಳಿದವು. ಇನ್ನೊಂದು ಯಾರಿಗೂ ಕಾಣದ್ದು. ಆಕೆಗೆ ಸಪ್ಪಳ ತಡೆಯಲಾಗುತ್ತಿರಲಿಲ್ಲ. ಫ್ಯಾನು ಹಾಕಿದರೆ ಎರಡೂ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಫ್ರಿಜ್ಜು ಖಾಲಿ ಮಾಡಿ ಬಂದ್ ಮಾಡಿದೆವು. ಮಿಕ್ಸಿಯ ಬದಲು ಒರಳುಕಲ್ಲು ಬಂತು. ಹಳೆಯ ದಪ್ಪ ಟಿವಿಯೊಳಗಿನ ಸಣ್ಣ ಸಿಳ್ಳೆ ನನಗೆ ಕೇಳಿಸಿದ್ದೇ ಇಲ್ಲ, ಆಕೆಗೆ ಅದು ಸೂಜಿ. ಮದುವೆಯಾದಾಗಿನಿಂದ ಪ್ರತಿ ಹೊಸ ಸಿನಿಮಾಕ್ಕೂ ಥೇಟರಿನ ಹೆಂಗಸರ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವಳು, ಬೇಸಿಗೆಯ ಗಂಗಾವತಿಯಲ್ಲಿ ಗಾಳಿಯಿಲ್ಲದ ಕೋಣೆಯಲ್ಲಿ ಗೋಡೆ ನೋಡುತ್ತ ಕೂತಳು. ಮಾತು ಕಡಿಮೆಯಾಯಿತು. ನಾನು ಬೆಳಿಗ್ಗೆ ಕಾಲುವೆಗೆ, ಸಂಜೆ ಕಾಲುವೆಗೆ ಹೋಗಿ ಬರುತ್ತಿದ್ದೆ. ನಡುವೆ ಅಡಿಗೆ ಮಾಡುತ್ತಿದ್ದೆ. ದಣಿದಿದ್ದೆ. ಅದಕ್ಕಿಂತ ಹೆಚ್ಚಿನ ಮಾತು ಆ ದಿನಗಳಿಗೆ ಬೇಕಿಲ್ಲ.

ಕೈಗೆ ವ್ಯಾಯಾಮ ಹೇಳಿಕೊಡುತ್ತಿದ್ದ ಕೊಪ್ಪಳದ ಹುಡುಗಿಯೊಬ್ಬಳು ರಬ್ಬರ್ ಚೆಂಡು ಕೊಟ್ಟಿದ್ದಳು. ನನ್ನ ಹೆಂಡತಿ ಅದನ್ನು ಹಿಚುಕಲಿಲ್ಲ. "ಚೆಂಡಿಗೆ ಬ್ಯಾಸರ ಬಂದ್ರ ಕಂಪ್ಯೂಟರ್ ಆಟ ಆಡ್ಲಿ ಅಂಕಲ್. ಎರಡೂ ಕೈಲೆ ಹಿಡದು ಆಡೂದು ಇರತೈತಲ್ರಿ, ಅದು. ಬೆರಳು ತಾವ ಬಿಚ್ಚಿಕೊಂತಾವ" ಎಂದಳು. ಕೊಪ್ಪಳದಲ್ಲೇ ಓದುತ್ತಿದ್ದ ನಮ್ಮ ಮಗಳು ಇದನ್ನು ಕೇಳಿ, ಅವ್ವ ಮನೆಯಲ್ಲೇ ಸಿನಿಮಾ ನೋಡಲಿಕ್ಕೂ ಆಗುವ, ಆಟಕ್ಕೂ ಆಗುವ, ಸದ್ದು ಮಾಡದ ಕಂಪ್ಯೂಟರು ಕಟ್ಟಿಸಬಹುದು ಎಂದಳು. ಏನೇನು ಬೇಕೆಂದು ಒಂದು ಚೀಟಿ ಬರೆದುಕೊಟ್ಟಳು. ಚೀಟಿ ಹಿಡಿದು ವೈಂಡಿಂಗ್ ಕಾಕಾನ ಅಂಗಡಿಗೆ ಹೋದೆ.

ನಾನು ಎದುರಿಗೆ ನಿಂತು ಹೇಳಿದ್ದನ್ನು ನನ್ನ ಮುಖವನ್ನೇ ನೋಡುತ್ತ ಕೇಳಿದರು. ಯಾವಾಗಲೂ ಹಾಗೆಯೇ ಕೇಳುತ್ತಿದ್ದರು. ಅದನ್ನು ನಾನು ಮರ್ಯಾದೆ ಎಂದುಕೊಂಡಿದ್ದೆ.

"ಸಿನಿಮಾ ಬರಬೇಕು, ಆಟಾನೂ ಆಡಬೇಕು, ಸಪ್ಪಳ ಮಾತ್ರ ಇರಬಾರ್ದು" ಎಂದು ನಕ್ಕರು. "ಎತ್ತು ಬೇಕು, ಸಗಣಿ ಹಾಕಬಾರ್ದು ಅಂದಂಗಾತು ಸಾಹೇಬ್ರ. ಬರೇ ಸಿನಿಮಾ ಆದ್ರ ತಂಪಿರತೈತಿ. ಆಟಕ್ಕ ಒಳಗ ಬ್ಯಾರೆ ಕಾರ್ಡು ಹಾಕಬೇಕು, ಅದು ಒಲಿ ಇದ್ದಂಗ. ಬಿಸಿ ಹೊರಗ ಹಾಕಾಕ ಗಾಳಿ ಬೇಕು. ಗಾಳಿ ಅಂದ್ರ ಸಪ್ಪಳ."

"ಹಂಗಾರ ಆಗೂದಿಲ್ಲೇನ್ರಿ?"

"ಆಗೂದಿಲ್ಲ ಅಂತ ನಾ ಎಲ್ಲಿ ಅಂದೆ? ಮೊದಲ ಮನಿ ನೋಡ್ತೀನಿ."

ಭಾನುವಾರ ಬೆಳಿಗ್ಗೆ ಬಂದರು. ಚಾಪೆಯ ಮೇಲೆ ನನ್ನ ಹೆಂಡತಿಯ ಎದುರಿಗೆ ಕೂತು ಕೇಳಿದರು: "ಅಕ್ಕಾರ, ಯಾವ ಸಪ್ಪಳಕ್ಕ ತ್ರಾಸ ಆಗತೈತಿ, ಯಾವುದಕ್ಕ ಆಗೂದಿಲ್ಲ?"

ಏಳು ತಿಂಗಳಲ್ಲಿ ಡಾಕ್ಟರರೂ ಸೇರಿ ಯಾರೂ ಆಕೆಗೆ ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆಕೆ ಬಲಗೈಯ ಬೆರಳು ಮಡಚುತ್ತ ಹೇಳಿದಳು. "ಕಾಗಿ ಒದರಿದ್ರ ಏನಾಗೂದಿಲ್ಲ. ಭಾಂಡೆ ಬಿದ್ರೂ ಏನಾಗೂದಿಲ್ಲ. ಮಂದಿ ಮಾತಾಡಿದ್ರೂ ಏನಾಗೂದಿಲ್ಲ. ಮುಗೀದಂಥ ಸಪ್ಪಳ ಇರತೈತಲ್ರಿ, ಅದು."

ಅವರು ತಲೆಯಾಡಿಸಿದರು. "ಮುಗೀದಂಥಾದ್ದು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆ ಮಾತು ಅವರಿಗೆ ಹೊಸದಲ್ಲ ಎಂಬಂತೆ ಹೇಳಿದರು.

ಭಾಗಗಳು ಒಂದೊಂದಾಗಿ ಬಂದವು. ನಮ್ಮ ಪಡಸಾಲೆಯೇ ಅಂಗಡಿಯಾಯಿತು. ಅವರ ಕೆಲಸ ನೋಡುತ್ತ ಕೂರುವುದು ನನಗೆ ಆ ದಿನಗಳಲ್ಲಿ ಸಿಕ್ಕ ಒಂದೇ ವಿಶ್ರಾಂತಿ. ಸಣ್ಣ ಫ್ಯಾನುಗಳನ್ನೆಲ್ಲ ತೆಗೆದುಹಾಕಿದರು. "ಟೇಬಲ್ ಫ್ಯಾನು ಯಾಕ ಒದರತೈತಿ, ಮ್ಯಾಲಿನ ಫ್ಯಾನು ಯಾಕ ಒದರೂದಿಲ್ಲ? ಸಣ್ಣ ರೆಕ್ಕಿ ಓಡಿ ಓಡಿ ಗಾಳಿ ತರಬೇಕು. ದೊಡ್ಡ ರೆಕ್ಕಿ ನಡಕೊಂತ ತರತೈತಿ" ಎಂದು, ಅಂಗೈಗಿಂತ ಅಗಲದ ಒಂದೇ ಫ್ಯಾನು ಹಾಕಿ, ಅದಕ್ಕೆ ಹೋಗುವ ಕರೆಂಟು ಅರ್ಧಕ್ಕೆ ಇಳಿಸಿದರು. ಅದು ತಿರುಗುವಾಗ ರೆಕ್ಕೆಗಳನ್ನು ಎಣಿಸಬಹುದಿತ್ತು. ಪ್ರೊಸೆಸರಿನ ಮೇಲೆ ತಗಡಿನ ಎಲೆಗಳ ದೊಡ್ಡ ಗೋಪುರ ಕೂರಿಸಿದರು, ಬಿಸಿ ಅದಕ್ಕೆ ಹರಡಿ ಹೋಗಲೆಂದು. ಹಾರ್ಡ್ ಡಿಸ್ಕಿಗೆ ಸ್ಕ್ರೂ ಹಾಕಲಿಲ್ಲ. ಸೈಕಲ್ ಟ್ಯೂಬು ಬಳೆಯಂತೆ ಕತ್ತರಿಸಿ, ಅದರ ತೊಟ್ಟಿಲಿನಲ್ಲಿ ತೂಗುಹಾಕಿದರು, ಅದರ ನಡುಕ ಕಂಪ್ಯೂಟರಿನ ಡಬ್ಬಿಗೆ ತಾಗದಿರಲೆಂದು. ಗಾಳಿ ಒಳಬರುವ ಜಾಗಕ್ಕೆ ನನ್ನ ಹೆಂಡತಿಯ ಹಳೆಯ ತೆಳು ಸೀರೆಯ ತುಂಡು ಕಟ್ಟಿದರು. "ಗಿರಣಿ ಬೂದಿ ಇದನ್ನ ದಾಟಂಗಿಲ್ಲ. ಅಮಾಸಿಗೊಮ್ಮಿ ಝಾಡಿಸ್ರಿ. ನಾವು ಮಷಿನ್ ಪೂಜಾ ಮಾಡ್ತೀವಲ್ಲ, ಅವತ್ತ ಇದಕ್ಕೂ ಆಗಲಿ."

ಮೊದಲ ಸಲ ಅವರು ಮಾಡಿದ ತಪ್ಪು ನಮ್ಮ ಕಡೆಯವರೇ ಮಾಡಬಹುದಾದ ತಪ್ಪು. ಡಬ್ಬಿಯೊಳಗಿನ ಗೋಡೆಗಳಿಗೆಲ್ಲ ಕೌದಿ ಹೊಲಿದು ಅಂಟಿಸಿದರು. ಅವರ ಹೆಂಡತಿ ಹಳೆಯ ಸೀರೆಗಳನ್ನು ಮಡಿಸಿ ಹೊಲಿದ ನಿಜವಾದ ಕೌದಿ. ಸಪ್ಪಳ ಸತ್ತೇಹೋಯಿತು. ಹೊಸ ತೆಳು ಟಿವಿಗೆ ಜೋಡಿಸಿ ಒಂದು ಸಿನಿಮಾ ಹಾಕಿದೆವು. ನನ್ನ ಹೆಂಡತಿ ಬಂದು ಬಾಗಿಲ ಬಳಿ ನಿಂತಳು. ಆಮೇಲೆ ಕೂತಳು. ಇನ್ನೇನು ಕಥೆ ಹಿಡಿಯಬೇಕು, ಅರ್ಧ ತಾಸಿಗೆ ಪರದೆ ಕಪ್ಪಾಯಿತು. ಏಪ್ರಿಲ್ ತಿಂಗಳು. ಡಬ್ಬಿ ಮುಟ್ಟಿದರೆ ರೊಟ್ಟಿ ಹಂಚಿನಂತಿತ್ತು. ತಾನಾಗಿ ಬಂದ್ ಆಗಿತ್ತು.

ಕಾಕಾ ಪಕ್ಕದ ಮುಚ್ಚಳ ತೆಗೆದು, ಕೈಯಲ್ಲಿ ಬಿಸಿ ಕೌದಿ ಹಿಡಿದುಕೊಂಡು ನಿಂತರು.

"ಪಾಪ, ಕೌದಿ ಹೊದ್ದು ನಿದ್ದಿ ಹತ್ತೈತಿ ಅದಕ್ಕ" ಎಂದಳು ನನ್ನ ಹೆಂಡತಿ.

ಅಪಘಾತದ ನಂತರ ಆಕೆ ಮಾಡಿದ ಮೊದಲ ತಮಾಷೆ ಅದು. ಯಾರೂ ದೊಡ್ಡದಾಗಿ ನಗಲಿಲ್ಲ. ಕಾಕಾ ಕೌದಿಯನ್ನು ನಿಧಾನಕ್ಕೆ ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಎರಡನೆಯ ಸಲ ಕೌದಿಯಿಲ್ಲದೆ, ಗಾಳಿಯ ದಾರಿ ಅಗಲ ಮಾಡಿ ಕಟ್ಟಿದರು. ಸ್ಕ್ರೂಡ್ರೈವರ್ ಹಚ್ಚಿ, ಹಿಡಿಯನ್ನು ಕಿವಿಯ ಹಿಂದೆ ಒತ್ತಿ, ಡಬ್ಬಿಯ ನಾಲ್ಕೂ ಕಡೆ ಕೇಳಿದರು. "ಈಗ ಏನೂ ಇಲ್ಲ. ಒಂದು ಎಳೀನೂ ಇಲ್ಲ" ಎಂದರು. ಮಗಳು ರಜೆಗೆ ಬಂದಿದ್ದಳು, ಆಟ ಶುರುಮಾಡಿದಳು. ಎರಡು ನಿಮಿಷವಾಗಿರಲಿಲ್ಲ, ನನ್ನ ಹೆಂಡತಿ ಎದ್ದು ಕಿವಿ ಮುಚ್ಚಿಕೊಂಡಳು.

"ಸೊಳ್ಳಿ ಗುಂಯ್ ಅಂದಂಗ ಬರಾಕ ಹತ್ತೈತಿ" ಎಂದಳು. ಮಗಳು ಕಿವಿಗೊಟ್ಟು "ಹೌದವ್ವ, ಐತಿ" ಎಂದಳು. ನಾನು ಹತ್ತಿರ ಹೋದಾಗ ನನಗೂ ಸಣ್ಣಗೆ ಕೇಳಿಸಿತು.

"ಏನಿಲ್ರಿ, ನಾ ನೋಡೀನಲ್ಲ" ಎಂದರು ಕಾಕಾ. ಮತ್ತೆ ಸ್ಕ್ರೂಡ್ರೈವರ್ ಹಚ್ಚಿದರು. "ಇಲ್ಲ ಬಿಡ್ರಿ. ಅಕ್ಕಾರಿಗೆ ಹಂಗ ಅನಸತೈತಿ."

ಆಕೆ ಹಿತ್ತಲಿಗೆ ಹೋಗಿ ಬಾಗಿಲು ಎಳೆದುಕೊಂಡಳು. ನಾನು ಬೆಳಿಗ್ಗೆ ಐದಕ್ಕೆ ಎದ್ದವನು. ಆಕೆಗೆ ಬರಿಯ ಅನಿಸಿಕೆ ಎಂದು ಇಷ್ಟು ತಿಂಗಳಿಂದ ಎಲ್ಲರೂ ಹೇಳಿದ್ದರು. ಈಗ ಇವರೂ ಹೇಳಿದರು. ನನ್ನ ಬಾಯಿಂದ ಬಂದ ಮಾತು ಇದು: "ನಿಮಗೇನು ಕಿವಿ ಕೇಳೂದಿಲ್ಲೇನ್ರಿ?"

ಯಾರಾದರೂ ಯಾರಿಗಾದರೂ ದಿನಕ್ಕೆ ಹತ್ತು ಸಲ ಅನ್ನುವ ಮಾತು. ಅವರ ಮುಖದಲ್ಲಿ ಆದದ್ದನ್ನು ನಾನು ಕಂಡೆ. ಸಿಟ್ಟಲ್ಲ. ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದಂತೆ ನಿಂತರು. ಸ್ಕ್ರೂಡ್ರೈವರನ್ನು ಅಂಗಿಯ ಕಿಸೆಗೆ ಸಿಕ್ಕಿಸಿಕೊಂಡು, ಚಪ್ಪಲಿ ಮೆಟ್ಟಿ ಹೋದರು.

ಒಂದು ವಾರ ಬರಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಬಂದು, ನೆಲದ ಮೇಲೆ ಕೂತು ಡಬ್ಬಿ ಬಿಚ್ಚತೊಡಗಿದರು. ನಾನು ತಪ್ಪಾಯಿತು ಎಂದೆ. ಅವರು ಕೆಳಗೆ ನೋಡುತ್ತಿದ್ದರು, ಉತ್ತರ ಕೊಡಲಿಲ್ಲ. ನನ್ನ ಹೆಂಡತಿ ಅಡಿಗೆಮನೆಯಿಂದ "ಕಾಕಾರ, ಚಾ ಕುಡೀತೀರಿ?" ಎಂದಳು. ತಲೆ ಎತ್ತಲಿಲ್ಲ. ಇನ್ನೊಮ್ಮೆ ಕೇಳಿದಳು. ಆಮೇಲೆ ಆಕೆ ಹೊರಗೆ ಬಂದು, ಅವರ ಎದುರಿಗೆ ಕೂತು, ಅವರು ಮುಖ ನೋಡುವವರೆಗೆ ಕಾದು, ಮೆಲ್ಲಗೆ ಕೇಳಿದಳು:

"ಎಷ್ಟು ವರ್ಷ ಆತ್ರಿ?"

ಅವರು ಮೊದಲು ನನ್ನ ಕಡೆ ನೋಡಿದರು, ಆಮೇಲೆ ಆಕೆಯ ಕಡೆ. "ಹನ್ನೆರಡು ವರ್ಷ ಆತವ್ವ" ಎಂದರು. "ಗಿರಣಿ ಸಪ್ಪಳ ತಿಂತು. ಗಾಳ್ಯಾಗಿಂದು ಬರೂದಿಲ್ಲ ನನಗ. ಎಲುಬಿನ್ಯಾಗಿಂದು ಬರತೈತಿ. ಮಂದಿ ಎದುರಿಗೆ ಮಾತಾಡಿದ್ರ ತುಟಿ ನೋಡಿ ತಿಳಕೊಂತೀನಿ. ನಿಮ್ಮ ಸೊಳ್ಳಿ ಐತಿ ಅಂದ್ರ ಇದ್ದೀತು. ನನಗೆಲ್ಲಿ ಕೇಳಬೇಕು."

"ಮನ್ಯಾಗ ಗೊತ್ತೈತೇನ್ರಿ?"

"ಯಾರಿಗೂ ಇಲ್ಲ. ಹೊರಗ ಹೇಳಬ್ಯಾಡ್ರಿ ಅಕ್ಕಾರ. ಗಿರಣಿಯವರು ನನ್ನ ಕರಿಯೂದು ಈ ಕಿವಿಗೆ. ಕಿವುಡ ಅಂತ ಗೊತ್ತಾದ್ರ ಯಾರು ಕರೀತಾರ?"

"ನನಗ ಹಿಂಗ ಆಗೈತಿ ಅಂತ ನೀವೂ ಹೇಳಬ್ಯಾಡ್ರಿ ಮತ್ತ. ಮಂದಿ ಹುಚ್ಚಿ ಅಂತಾರ" ಎಂದಳು ನನ್ನ ಹೆಂಡತಿ. ಇಬ್ಬರೂ ನನ್ನ ಕಡೆ ನೋಡಿದರು. ನಾನು ಹೇಳುವುದಿಲ್ಲ ಎಂದೆ.

ಅಂದು ಶುರುವಾದ ಕೆಲಸ ನಾಲ್ಕು ದಿನ ಬೆಳಿಗ್ಗೆ ನಡೆಯಿತು. ಆಕೆ ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದಳು. ಅವರು ಒಂದೊಂದೇ ಭಾಗ ಬಿಡಿಸಿ, ಒಂದೊಂದೇ ನಡೆಸಿ, ಆಕೆಯ ಬಲಗೈಯನ್ನು ನೋಡುತ್ತಿದ್ದರು. ಸಪ್ಪಳ ಕೇಳಿಸಿದರೆ ಆಕೆ ತೋರುಬೆರಳು ಎತ್ತಬೇಕು. ಜೋರಾದರೆ ಬೆರಳು ಮೇಲೆ, ಕಡಿಮೆಯಾದರೆ ಕೆಳಗೆ. ಫ್ಯಾನು ನಡೆಯಿತು, ಬೆರಳು ಏಳಲಿಲ್ಲ. ಡಿಸ್ಕು ನಡೆಯಿತು, ಏಳಲಿಲ್ಲ. ಆಟ ಶುರುವಾದೊಡನೆ ಎದ್ದಿತು. ಕಾಕಾ ಒಂದು ಬಿದಿರು ಕಡ್ಡಿಯಿಂದ ಆಟದ ಕಾರ್ಡಿನ ಮೇಲಿನ ಸಣ್ಣ ಸಣ್ಣ ಗುಬಟುಗಳನ್ನು ಒಂದೊಂದಾಗಿ ಒತ್ತುತ್ತ ಹೋದರು. ಒಂದನ್ನು ಒತ್ತಿದಾಗ ಬೆರಳು ಫಕ್ಕನೆ ಕೆಳಗಿಳಿಯಿತು. ಬಿಟ್ಟಾಗ ಎದ್ದಿತು. ಮತ್ತೆ ಒತ್ತಿದರು, ಇಳಿಯಿತು.

ಕಾಕಾ ಕಡ್ಡಿ ಅಲ್ಲೇ ಹಿಡಿದುಕೊಂಡು ಬಹಳ ಹೊತ್ತು ನಕ್ಕರು. ಆ ಗುಬಟು ಎಂದರೆ ತಾಮ್ರದ ತಂತಿಯ ಸುತ್ತು. ಆಟದಲ್ಲಿ ಹೆಚ್ಚು ಕರೆಂಟು ಹರಿದಾಗ ಸಡಿಲ ಸುತ್ತು ನಡುಗಿ ಸಣ್ಣಗೆ ಕೂಗುತ್ತಿತ್ತು.

"ಸುತ್ತು ಸಡ್ಲ ಐತವ್ವ. ಅದಕ್ಕ ಅಳತೈತಿ. ಮೂವತ್ತು ವರ್ಷ ಇದನ್ನ ಮಾಡೀನಿ. ಇದು ನನಗ ಕೇಳಲಿಲ್ಲ ನೋಡ್ರಿ."

ಮರುದಿನ ಸಣ್ಣ ಶೀಶೆಯಲ್ಲಿ ವಾರ್ನಿಶ್ ತಂದರು. ಮಕ್ಕಳು ಚಿತ್ರ ಬರೆಯುವ ಬ್ರಷ್ಷಿನಿಂದ ಆ ಸುತ್ತಿಗೆ, ಅದರ ಅಕ್ಕಪಕ್ಕದವಕ್ಕೆ ಕುಡಿಸಿದರು. ಆ ಕಾರ್ಡನ್ನು ತಮ್ಮ ತಗಡಿನ ಡಬ್ಬಿಯಲ್ಲಿ ಬಲ್ಬಿನ ಕೆಳಗೆ ಒಣಗಲು ಇಟ್ಟರು. ನಾನು ಯಾವಾಗ ಜೋಡಿಸುತ್ತೀರಿ ಎಂದು ಕೇಳಲಿಲ್ಲ. ಮೂರನೆಯ ದಿನವೆಂದು ಗೊತ್ತಿತ್ತು.

ಮೂರನೆಯ ದಿನ ಆಟ ಶುರುಮಾಡಿ ಅವರು ಡಬ್ಬಿಯನ್ನು ನೋಡಲೇ ಇಲ್ಲ. ಸ್ಕ್ರೂಡ್ರೈವರನ್ನೂ ಹಚ್ಚಲಿಲ್ಲ. ಆಕೆಯ ಬೆರಳನ್ನೇ ನೋಡುತ್ತ ಕೂತರು. ಹತ್ತು ನಿಮಿಷವಾಯಿತು, ನಾನು ಗಡಿಯಾರ ನೋಡಿಕೊಂಡೇ ಇದ್ದೆ. ಬೆರಳು ಮೊಣಕಾಲಿನ ಮೇಲೆ ಇದ್ದಂತೆಯೇ ಇತ್ತು. ಆಕೆ ಕಣ್ಣು ತೆರೆದು, "ಬಂದ್ ಮಾಡೀರೇನ್ರಿ?" ಎಂದು ಕೇಳಿದಳು.

"ಇಲ್ಲವ್ವ. ನಡದೈತಿ" ಎಂದರು.

ಆಕೆ ಸಿನಿಮಾ ನೋಡಿದಳು, ದಿನಕ್ಕೊಂದು. ಆಮೇಲೆ ಆಟ. ಮಗಳು ತಂದಿದ್ದ ಆಟಗಳಲ್ಲಿ ಆಕೆ ಆರಿಸಿಕೊಂಡದ್ದು ಲಾರಿ ಓಡಿಸುವುದನ್ನು. ನನಗೆ ಹೆದರಿಕೆಯಾಯಿತು. ಇಂಜಿನ್ನಿನ ಸದ್ದು ಪೂರ್ತಿ ತೆಗೆದು, ಖಾಲಿ ಹೆದ್ದಾರಿಯಲ್ಲಿ ಎಡಗಡೆ ಹಿಡಿದು, ತಿರುವಿಗೆ ನೂರು ಮಾರು ಮೊದಲೇ ನಿಧಾನಿಸುತ್ತ ಹೋಗುತ್ತಿದ್ದಳು. ಹಾರ್ನು ಒತ್ತುತ್ತಿರಲಿಲ್ಲ. ಎರಡೂ ಕೈಯಲ್ಲಿ ಹಿಡಿಯುವ ಆಟದ ಹಿಡಿಕೆಯಲ್ಲಿ ಸ್ಟೀರಿಂಗು ತಿರುಗಿಸುವುದು ಎಡಗೈ ಹೆಬ್ಬೆರಳಿನಿಂದ.

"ನಮ್ಮಕ್ಕಾರು ಲಾರಿ ಹೊಡದ್ರ ಭತ್ತ ಗಿರಣಿ ಮುಟ್ಟೂದ್ರಾಗ ಮೊಳಕಿ ಬರತಾವ" ಎನ್ನುತ್ತಿದ್ದರು ಕಾಕಾ.

"ಬರಲಿ ಬಿಡ್ರಿ. ಪಲ್ಟಿ ಅಂತೂ ಆಗೂದಿಲ್ಲ" ಎನ್ನುತ್ತಿದ್ದಳು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಆಕೆಯ ಎಡಗೈ ಅನ್ನದ ಪಾತ್ರೆಯ ಮುಚ್ಚಳ ಹಿಡಿಯಿತು. ಚಳಿಗಾಲ ಕಳೆದು ಸೆಕೆ ಶುರುವಾದಾಗ, ಒಂದು ಮಧ್ಯಾಹ್ನ ನಾನು ಮನೆಗೆ ಬಂದರೆ ಪಡಸಾಲೆಯ ಫ್ಯಾನು ಒಂದನೆಯ ನಂಬರಿನಲ್ಲಿ ತಿರುಗುತ್ತಿತ್ತು. ಯಾರು ಹಾಕಿದ್ದು ಎಂದು ನಾನು ಕೇಳಲಿಲ್ಲ. ಕೇಳಿದರೆ ನಿಂತುಬಿಡಬಹುದೆಂದು ಅನ್ನಿಸಿತು.

ಕಾಕಾ ಪ್ರತಿ ಅಮಾವಾಸ್ಯೆಗೆ ಬಂದು ಸೀರೆಯ ತುಂಡು ಝಾಡಿಸಿ ಹೋಗುತ್ತಿದ್ದರು. ಆಕೆ ಚಾಪೆಯ ಮೇಲೆ ಕೂತು ಬೆರಳು ಇಡುತ್ತಿದ್ದಳು, ಅವರು ನೋಡುತ್ತಿದ್ದರು. ಆ ನಂತರ ಚಾ. ಐದಾರು ವರ್ಷ ಹೀಗೆ ನಡೆಯಿತು.

ಇನ್ನು ಉಳಿದದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಮೂರೂವರೆ. ನಾನು ಕಾಲುವೆಯ ಕಡೆ ಹೊರಟು ಗಿರಣಿಗಳ ರಸ್ತೆಯಲ್ಲಿ ಮೊಪೆಡ್ ಮೇಲಿದ್ದೆ. ಒಂದು ಗಿರಣಿಯ ಗೇಟಿನಿಂದ ಭತ್ತದ ಲಾರಿ ಹಿಂದಕ್ಕೆ ಬರುತ್ತಿತ್ತು. ಅದರ ಹಿಂದೆ ಕಾಕಾ ಲಾರಿಗೂ ನನಗೂ ಬೆನ್ನು ಮಾಡಿ ನಡೆಯುತ್ತಿದ್ದರು, ಹೆಗಲ ಮೇಲೆ ಒಂದು ಮೋಟಾರಿನ ಹೊದಿಕೆ ಇತ್ತು. ಡ್ರೈವರ್ ಹಾರ್ನು ಹೊಡೆದ. ಮೂರು ಸಲ, ಮೂರನೆಯದು ಉದ್ದ. ಕ್ಲೀನರ್ ಲಾರಿಯ ಪಕ್ಕ ಬಡಿಯುತ್ತ "ಸರೀರಿ, ಸರೀರಿ" ಎಂದು ಕೂಗಿದ. ನನ್ನಿಂದ ಅವರಿಗೆ ಐವತ್ತು ಹೆಜ್ಜೆ. ನಾನೂ "ಕಾಕಾ" ಎಂದು ಕೂಗಿದೆ. ಕೂಗುತ್ತಿರುವಾಗಲೇ ಅದು ಅವರಿಗೆ ಮುಟ್ಟುವುದಿಲ್ಲವೆಂದು ನನಗೆ ಗೊತ್ತಿತ್ತು. ಆ ರಸ್ತೆಯಲ್ಲಿದ್ದವರಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ.

ಲಾರಿ ನಿಂತಾಗ ಕಾಕಾ ಹಿಂದಿನ ಗಾಲಿಯ ಕೆಳಗಿದ್ದರು, ಉಸಿರಿರಲಿಲ್ಲ. ಜನ ಸೇರಿದರು. ಡ್ರೈವರನನ್ನು ಕೆಳಗೆ ಎಳೆದರು. ಅವನು ಕಾರಟಗಿಯ ಕಡೆಯವನು, ಕೈಮುಗಿದು ಒಂದೇ ಮಾತು ಹೇಳುತ್ತಿದ್ದ: "ಹಾರ್ನ್ ಹೊಡದೀನ್ರಿ, ಮೂರು ಸಲ ಹೊಡದೀನ್ರಿ."

"ಸುಳ್ಳು ಬೊಗಳಬ್ಯಾಡ" ಎಂದರು ಒಬ್ಬರು. "ಹತ್ತು ಮೋಟಾರ್ ನಡುವ ಯಾವುದು ಕೆಟ್ಟೈತಿ ಅಂತ ಹೇಳಾಂವ ಅಂವಾ. ಅಂಥಾವ್ಗ ಹಾರ್ನ್ ಕೇಳಿಸಿಲ್ಲೇನು?"

ಎಲ್ಲರೂ ಅದನ್ನೇ ಹೇಳಿದರು. ಅವರ ಕಿವಿಯ ಹೆಸರೇ ಆ ಡ್ರೈವರನ ವಿರುದ್ಧ ಸಾಕ್ಷಿಯಾಯಿತು. ನನ್ನನ್ನು ಕೇಳಿದಾಗ ಹಾರ್ನು ಕೇಳಿಸಿತು ಎಂದಷ್ಟೇ ಹೇಳಿದೆ. ಯಾರೂ ನಂಬಲಿಲ್ಲ, ನಾನು ಗಾಬರಿಯಲ್ಲಿದ್ದೇನೆ ಎಂದರು. ಉಳಿದ ಅರ್ಧ ಮಾತನ್ನು ನುಂಗಿಕೊಂಡು ಮನೆಗೆ ಬಂದೆ.

ಹೆಂಡತಿಗೆ ಎಲ್ಲ ಹೇಳಿದೆ. ಆಕೆ ಗೋಡೆಗೆ ಒರಗಿ ಕೂತಳು. "ಹೇಳಂಗಿಲ್ಲ ಅಂತ ಮಾತು ಕೊಟ್ಟೀವಿ" ಎಂದಳು. ನಾನು ಹೌದೆಂದೆ. "ಆ ಡ್ರೈವರ್ ಹಾರ್ನ್ ಹೊಡದದ್ದು ಖರೇನ?" ಎಂದಳು. ಖರೆ ಎಂದೆ. ಎದ್ದು ಸೀರೆ ಬದಲಿಸಿಕೊಂಡಳು. "ಮೊದಲ ಅವರ ಮನಿಗೆ ಹೋಗೂಣು. ಆಮ್ಯಾಲೆ ಠಾಣೆಗೆ. ಅವರ ಹೆಂಡ್ತಿಗೆ ಗೊತ್ತಾಗದಂಗ ಮಂದಿಗೆ ಹೇಳೂದು ಬ್ಯಾಡ."

ಕಾಕಾನ ಮನೆಗೆ ದಾರಿ ಗಿರಣಿಗಳ ರಸ್ತೆಯಿಂದಲೇ. ಆಕೆ ಆರೇಳು ವರ್ಷದಲ್ಲಿ ಆ ರಸ್ತೆಗೆ ಬಂದಿರಲಿಲ್ಲ. ಎರಡೂ ಕಡೆ ಗಿರಣಿಗಳು ನಡೆದಿದ್ದವು. ಮೊಪೆಡ್ಡಿನ ಹಿಂದೆ ಕೂತು ಎಡಗೈಯಿಂದ ನನ್ನ ಅಂಗಿ ಹಿಡಿದುಕೊಂಡಿದ್ದಳು. ಆ ಹಿಡಿತ ಬಿಗಿಯಾಗಿತ್ತು, ಬೆನ್ನಿಗೆ ತಿಳಿಯುತ್ತಿತ್ತು. ಕಿವಿ ಮುಚ್ಚಿಕೊಳ್ಳಲಿಲ್ಲ.

ಕಾಕಾನ ಹೆಂಡತಿ ಒಳಗಿನ ಕೋಣೆಯಲ್ಲಿ ಹೆಂಗಸರ ನಡುವೆ ಕೂತಿದ್ದರು. ನನ್ನ ಹೆಂಡತಿ ಅವರ ಪಕ್ಕ ಕೂತು ಕಿವಿಯಲ್ಲಿ ಹೇಳಿದಳು. ನಾನು ಹೊಸ್ತಿಲಿನಲ್ಲಿ ನಿಂತಿದ್ದೆ. ಆ ತಾಯಿ ತಲೆ ಎತ್ತಿದರು. ಅತ್ತು ಅತ್ತು ದನಿ ಹೋಗಿತ್ತು.

"ನನಗ ಗೊತ್ತಿಲ್ಲೇನವ್ವ?" ಎಂದರು. "ಎಷ್ಟೋ ವರ್ಷದಿಂದ ನೆಲಾ ತುಳದು ಕರೀತಿದ್ದೆ ಅವರನ್ನ. ಧಪ್ ಅಂದ್ರ ತಿರುಗಿ ನೋಡತಿದ್ರು. ನನಗ ಗೊತ್ತಿಲ್ಲ ಅಂತ ತಿಳಕೊಂಡಿದ್ರು, ಇರಲಿ ಅಂತ ಬಿಟ್ಟಿದ್ದೆ." ಆಮೇಲೆ ಕೇಳಿದರು: "ಆ ಡ್ರೈವರ್‌ಗೆ ಮಕ್ಕಳದಾವೇನು?"

ಇದ್ದಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದೆ.

"ಹೋಗಿ ಹೇಳ್ರಿ" ಎಂದರು.

ಠಾಣೆಯಲ್ಲಿ ನನ್ನ ಹೇಳಿಕೆಯನ್ನು ನಾನೇ ಬರೆದುಕೊಟ್ಟೆ. ಹಾರ್ನು ಮೂರು ಸಲ, ದೂರ ಐವತ್ತು ಹೆಜ್ಜೆ. ಕೊನೆಯ ಸಾಲು: ಮೃತರಿಗೆ ಬಹಳ ವರ್ಷಗಳಿಂದ ಕಿವಿ ಕೇಳಿಸುತ್ತಿರಲಿಲ್ಲ, ಇದು ನನಗೆ ತಿಳಿದಿತ್ತು. ಕೆಳಗೆ ನನ್ನ ಹೆಂಡತಿಯೂ ಸಹಿ ಮಾಡಿದಳು, ಕಾಗದ ಜಾರದಂತೆ ಎಡಗೈಯಿಂದ ಒತ್ತಿ ಹಿಡಿದು. ಡ್ರೈವರನನ್ನು ಆಮೇಲೆ ಬಿಟ್ಟರೆಂದು ಕೇಳಿದೆ. ಊರಿನವರು ಕೆಲವರು ನಮ್ಮ ಜೊತೆ ಮಾತು ಬಿಟ್ಟರು. ಅಂಥ ಕಿವಿಗೆ ಕಿವುಡು ಎಂಬ ಹೆಸರು ತಂದೆವೆಂದು ಅವರ ಸಿಟ್ಟು. ಅದು ತಪ್ಪೆಂದು ನನಗೆ ಹೇಳಲಾಗುವುದಿಲ್ಲ. ಮೊದಲೇ ಹೇಳಿದ್ದರೆ ಆ ರಸ್ತೆಯಲ್ಲಿ ಅವರೊಬ್ಬರನ್ನೇ ನಡೆಯಲು ಯಾರೂ ಬಿಡುತ್ತಿರಲಿಲ್ಲ. ಹೇಳಿದ್ದರೆ ಅವರಿಗೆ ಆ ರಸ್ತೆಯಲ್ಲಿ ಕೆಲಸವೂ ಇರುತ್ತಿರಲಿಲ್ಲ. ಇವೆರಡನ್ನೂ ಎಷ್ಟೋ ಸಲ ಪಕ್ಕಪಕ್ಕ ಇಟ್ಟು ನೋಡಿದ್ದೇನೆ.

ಆಕೆ ಆರು ತಿಂಗಳು ಲಾರಿಯ ಆಟ ಮುಟ್ಟಲಿಲ್ಲ. ಈಗ ಮತ್ತೆ ಆಡುತ್ತಾಳೆ, ಇನ್ನೂ ನಿಧಾನವಾಗಿ. ಡಬ್ಬಿ ಹಳೆಯದಾಯಿತು, ಹೊಸ ಆಟಗಳು ಅದರಲ್ಲಿ ನಡೆಯುವುದಿಲ್ಲ. ಮಗಳು ಹೊಸದು ಕೊಡಿಸುತ್ತೇನೆ ಎನ್ನುತ್ತಾಳೆ, ನಾವು ಮಾತು ಬದಲಿಸುತ್ತೇವೆ.

ಅಮಾವಾಸ್ಯೆಗೆ ಮುಚ್ಚಳ ತೆಗೆಯುವುದು ಈಗ ನನ್ನ ಕೆಲಸ. ಸೀರೆಯ ತುಂಡು ಬಿಚ್ಚಿ ಹಿತ್ತಲಿನಲ್ಲಿ ಝಾಡಿಸುತ್ತೇನೆ, ಬೂದಿ ಹಾರುತ್ತದೆ. ಸೈಕಲ್ ಟ್ಯೂಬಿನ ಬಳೆಗಳನ್ನು ಎರಡು ಸಲ ಬದಲಿಸಿದ್ದೇನೆ. ಆ ಸುತ್ತಿನ ಮೇಲಿನ ವಾರ್ನಿಶ್ ಜೇನಿನ ಬಣ್ಣಕ್ಕೆ ತಿರುಗಿದೆ, ಎಲ್ಲೂ ಬಿರಿದಿಲ್ಲ. ಮತ್ತೆ ಜೋಡಿಸಿ ಶುರುಮಾಡಿ, ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತವಳ ಎದುರಿಗೆ ಕೂರುತ್ತೇನೆ. ಹತ್ತು ನಿಮಿಷ ಆಕೆಯ ಬೆರಳು ನೋಡುತ್ತೇನೆ. ಅದು ಏಳುವುದಿಲ್ಲ. ನಾನು ಸ್ಕ್ರೂ ಬಿಗಿ ಮಾಡುತ್ತೇನೆ, ಆಕೆ ಚಾ ಇಡಲು ಏಳುತ್ತಾಳೆ.